ಹಾವೇರಿ ಸೀಮೆಯ ಶರದ್ವರ್ಣ

ಹಸ್ತ ಮಳೆ ಮುಗಿದು, ಚಿತ್ತಾ ಮಳೆಯೂ ಒಂದೆರಡು ಸಲ ಗುಡುಗಿ ಹಿಂದೆ ಸರಿದ ಮೇಲೆ, ಮೋಡದ ಮುಸುಕು ಕಳೆದು ಆಕಾಶವು ನಿರ್ಮಲವಾಗಿರುವ ಆಶ್ವಯುಜ ಮಾಸದಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ರೈಲಿನ ಕಿಟಕಿಯ ಬಳಿ ಕುಳಿತು, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಎಂದು ಒಂದಾದಮೇಲೊಂದು ಬರುವ ನಿಲ್ದಾಣಗಳ ನಡುವಣ ಭೂಮಿಯನ್ನು ಗಮನವಿಟ್ಟು ನೋಡಿದವರಿಗೆ, ಶೀತದೇಶಗಳ ಚಿತ್ರಪಟಗಳಲ್ಲಿ ಶರತ್ಕಾಲವೆಂದರೆ ಕಾಣಬರುವ ಆ ನೋಟ, ಕಾಡಿಗೆ ಕಾಡೇ ಕೆಂಪೇರಿ ಹೊಂಬಣ್ಣಕ್ಕೆ ತಿರುಗಿ ನಿಲ್ಲುವ ಆ ವೈಭವ, ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ. ಬೇವು, ಹುಣಸೆ, ಮಾವು, ಆಲ, ಹೊಂಗೆ ಇವೆಲ್ಲ ಮಳೆಗಾಲದ ನೀರುಂಡು ದಟ್ಟವಾದ ಹಸುರನ್ನು ತಳೆದಿರುವ ಕಾಲವಿದು. ಆದರೂ ಈ ಸೀಮೆಯ ಶರತ್ತು ವರ್ಣಹೀನವೆಂದು ಯಾರಾದರೂ ಹೇಳಿದರೆ, ಅವರು ನೋಟವನ್ನು ಮರದ ನೆತ್ತಿಯಿಂದ ಕೆಳಗಿಳಿಸಿಲ್ಲವೆಂದೇ ನಾನು ತಿಳಿಯುವೆನು. ಮೊಣಕಾಲೆತ್ತರದಲ್ಲಿ, ಸೊಂಟದೆತ್ತರದಲ್ಲಿ, ಹೊಲದ ಬದುವಿನಲ್ಲಿ, ಹಿತ್ತಿಲ ಬೇಲಿಯಲ್ಲಿ ಇಲ್ಲಿಯ ಬಣ್ಣ ಎದ್ದು ನಿಂತಿರುತ್ತದೆ. ದಸರೆಯಿಂದ ಮೊದಲುಗೊಂಡು ಶಿವರಾತ್ರಿಯವರೆಗೆ ಅದು ಹೂವಿನಿಂದ ಕಾಯಿಗೆ, ಕಾಯಿಯಿಂದ ಎಲೆಗೆ, ಎಲೆಯಿಂದ ಮತ್ತೆ ಹೂವಿಗೆ ದಾಟುತ್ತ ಹೋಗುವುದು. ಮನೆಯ ಸುತ್ತ ನಾಲ್ಕು ಗಿಡ ಬೆಳೆಸಬೇಕೆನ್ನುವವರು ಪರದೇಶದ ಪುಸ್ತಕಗಳ ಋತುಕ್ರಮವನ್ನು ಬದಿಗಿಟ್ಟು ಈ ಸೀಮೆಯ ಕ್ರಮವನ್ನೇ ಅನುಸರಿಸುವುದು ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲೆಯ ಬಣ್ಣ ಬದಲಾಗುವ ಬಗೆಯನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಎಲೆಯಲ್ಲಿರುವ ಪತ್ರಹರಿತ್ತು ಒಮ್ಮೆ ಹುಟ್ಟಿ ಹಾಗೆಯೇ ಉಳಿಯುವ ದ್ರವ್ಯವಲ್ಲ. ಬಿಸಿಲಿನಲ್ಲಿ ಅದು ಸದಾ ಶಿಥಿಲವಾಗುತ್ತಿರುತ್ತದೆ, ಗಿಡವು ಅದನ್ನು ಸದಾ ಹೊಸದಾಗಿ ನಿರ್ಮಿಸುತ್ತಿರುತ್ತದೆ. ಎಲೆಯನ್ನು ಕಳಚುವ ಕಾಲ ಸಮೀಪಿಸಿತೆಂದರೆ ಗಿಡವು ಈ ನಿರ್ಮಾಣವನ್ನು ನಿಲ್ಲಿಸಿ, ಎಲೆಯೊಳಗಿನ ಸಾರಜನಕ, ರಂಜಕ ಮೊದಲಾದ ಬೆಲೆಯುಳ್ಳ ಅಂಶಗಳನ್ನು ಕೊಂಬೆಗೆ ಹಿಂದೆಗೆದುಕೊಂಡು, ತೊಟ್ಟಿನ ಬುಡದಲ್ಲಿ ದುರ್ಬಲವಾದ ಕೋಶಗಳ ಒಂದು ಪದರವನ್ನು ಬೆಳೆಸುತ್ತದೆ. ಹಸುರು ಅಳಿದಂತೆ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಕೆರೋಟಿನಾಯ್ಡ್ ಎಂಬ ಹಳದಿಯ ದ್ರವ್ಯಗಳು ತೋರಿಬರುವುವು. ಕೆಂಪಿನ ರೀತಿ ಬೇರೆ. ಆಂಥೋಸಯನಿನ್ ಎಂಬ ಆ ದ್ರವ್ಯವನ್ನು ಅನೇಕ ಮರಗಳು ಎಲೆ ಉದುರುವ ಮುನ್ನ ಹೊಸದಾಗಿ ಸೃಷ್ಟಿಸುತ್ತವೆ. ಹಗಲು ಬಿಸಿಲು ಪ್ರಖರವಾಗಿದ್ದು ರಾತ್ರಿ ಚಳಿಯಿದ್ದರೆ ಎಲೆಯಲ್ಲಿ ಸಕ್ಕರೆ ಸಂಗ್ರಹವಾಗಿ ಅದು ಹೆಚ್ಚುತ್ತದೆ. ಶೀತದೇಶದ ಮರ ಎಲೆಯುದುರಿಸುವುದು ಹಿಮದ ಭಯಕ್ಕೆ. ನಮ್ಮ ಮರ ಉದುರಿಸುವುದು ನೀರನ್ನು ಉಳಿಸಿಕೊಳ್ಳಲು. ಹಿಂಗಾರು ಮಳೆಯ ತೇವ ಎರೆಭೂಮಿಯಲ್ಲಿ ಇನ್ನೂ ಇರುವಾಗ ಇಲ್ಲಿಯ ಬೇವಿಗಾಗಲಿ ಅರಳಿಗಾಗಲಿ ಎಲೆ ಕಳೆದುಕೊಳ್ಳುವ ಅವಸರವಿಲ್ಲ. ಆ ಅವಸರ ಬರುವುದು ಮಾಘ ಫಾಲ್ಗುಣಗಳಲ್ಲಿ. ನಮ್ಮ ಪೂರ್ವಿಕರು ಎಲೆಯುದುರುವ ಕಾಲವನ್ನು ಶರತ್ತಿಗೆ ಸೇರಿಸದೆ ಶಿಶಿರಕ್ಕೆ ಸೇರಿಸಿದುದು ಈ ಪ್ರತ್ಯಕ್ಷ ಅನುಭವದಿಂದಲೇ.

ಆದರೂ ಒಂದು ಮರವಿದೆ. ಹಾವೇರಿಯ ಹಳೆಯ ಬಡಾವಣೆಗಳ ಅಂಗಳಗಳಲ್ಲಿಯೂ, ಶಾಲೆಗಳ ಆವರಣಗಳಲ್ಲಿಯೂ ನಿಂತಿರುವ, ಅಂಗೈಗಿಂತ ಅಗಲವಾದ ಎಲೆಯ ಊರ ಬಾದಾಮಿ, ಅಂದರೆ ಮಕ್ಕಳು ಕಲ್ಲಿನಿಂದ ಕಾಯಿ ಜಜ್ಜಿ ಒಳಗಿನ ಸಣ್ಣ ಬೀಜವನ್ನು ತಿನ್ನುವರಲ್ಲ, ಆ ಮರ, ಚಳಿ ಕಾಲಿಟ್ಟೊಡನೆ ಶೀತದೇಶದ ಮರಗಳಿಗೆ ಸರಿಮಿಗಿಲಾಗಿ ಕೆಂಪೇರುವುದು. ಅದರ ಒಂದು ಎಲೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಬೇಕು. ನಡುನರದ ಇಕ್ಕೆಲಗಳಲ್ಲಿ ಇನ್ನೂ ಹಸುರಿನ ಒಂದು ಅಂಚು ಉಳಿದಿರುತ್ತದೆ. ಅಲ್ಲಿಂದ ಹೊರಕ್ಕೆ ಬಂದಂತೆ ಹಳದಿ, ಕಿತ್ತಳೆ, ಮತ್ತೆ ತಾಮ್ರದ ಕೆಂಪು, ತುದಿಯಲ್ಲಿ ಕುಂಕುಮವನ್ನೂ ಮೀರಿದ ಗಾಢತೆ. ಬೆನ್ನಿನ ಕಡೆ ತಿರುವಿದರೆ ಅದೇ ಕೆಂಪು ಮಂಕಾಗಿ ಮಸುಕಾಗಿ ಕಾಣುವುದು, ಏಕೆಂದರೆ ಬಣ್ಣ ತುಂಬಿರುವುದು ಬಿಸಿಲು ಬಿದ್ದ ಮೈಯಲ್ಲಿ. ಒಂದೇ ಕೊಂಬೆಯಲ್ಲಿ ಹಸುರೆಲೆಯೂ ಕೆಂಪೆಲೆಯೂ ಜೊತೆಯಾಗಿರುವುದು, ಕೊಂಬೆಗಳು ಅಂತಸ್ತು ಅಂತಸ್ತಾಗಿ ಸಮತಲದಲ್ಲಿ ಚಾಚಿರುವುದು, ಇವೆರಡೂ ಕೂಡಿ ಆ ಮರಕ್ಕೆ ಒಂದು ವಿಶಿಷ್ಟವಾದ ಶೋಭೆಯನ್ನು ಕೊಡುತ್ತವೆ. ಮೂಲದಲ್ಲಿ ಸಮುದ್ರತೀರದ ಮರವಾದರೂ ಎರೆಮಣ್ಣಿನ ನಡುನಾಡಿನಲ್ಲಿ ಇದು ನೆಮ್ಮದಿಯಾಗಿ ಬೆಳೆದುಕೊಂಡಿದೆ. ಕಸ ಗುಡಿಸುವ ಕಷ್ಟಕ್ಕೆ ಬೇಸತ್ತು ಇದನ್ನು ಕಡಿಸುವವರನ್ನು ಕಂಡಾಗ ನನಗೆ ಬಹಳ ವ್ಯಥೆಯಾಗುತ್ತದೆ; ಊರಿಗೆ ಶರದ್ವರ್ಣವೆಂಬುದನ್ನು ಎಲೆಯ ರೂಪದಲ್ಲಿ ತೋರಿಸಬಲ್ಲ ಮರ ಇದೊಂದೇ ಎಂದರೂ ಸಲ್ಲುವುದು.

ಎಲೆಯ ಕೆಂಪಿನ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಸೀಮೆಯ ಮರಗಳಲ್ಲಿ ಕೆಂಪು ಹೆಚ್ಚಾಗಿ ಕಾಣುವುದು ಎಲೆ ಹುಟ್ಟುವಾಗ. ಮಾವಿನ ತಳಿರು ತಾಮ್ರವರ್ಣದ್ದು, ಅರಳಿಯ ಚಿಗುರು ಪಾಟಲವರ್ಣದ್ದು, ಹಾನಗಲ್ಲಿನ ಕಡೆಯ ಕಾಡುಗಳಲ್ಲಿ ಸಾಗಡೆ ಮರ ಫಾಲ್ಗುಣದಲ್ಲಿ ತಳೆಯುವ ಎಳೆಯೆಲೆ ದೂರದಿಂದ ಹೂವೆಂದೇ ಭ್ರಮೆ ಹುಟ್ಟಿಸುವಷ್ಟು ರಕ್ತವರ್ಣದ್ದು. ಎಳೆಯೆಲೆಯಲ್ಲಿ ಪತ್ರಹರಿತ್ತು ಇನ್ನೂ ಪೂರ್ಣವಾಗಿ ಕೂಡಿಲ್ಲ, ಮುದಿಯೆಲೆಯಲ್ಲಿ ಅದು ಕಳಚಿ ಬೀಳುತ್ತಿದೆ. ಎರಡು ಸ್ಥಿತಿಗಳಲ್ಲಿಯೂ ಪ್ರಖರವಾದ ಬಿಸಿಲು ಒಳಗಿನ ಕೋಮಲವಾದ ಯಂತ್ರಕ್ಕೆ ಹಾನಿ ಮಾಡಬಲ್ಲುದು. ಆ ಬಿಸಿಲಿನ ಉಗ್ರತೆಯನ್ನು ತಡೆಯುವ ತೆರೆಯಾಗಿ ಆಂಥೋಸಯನಿನ್ ಕೆಲಸ ಮಾಡುತ್ತದೆಂದು ಸಸ್ಯಶಾಸ್ತ್ರಜ್ಞರಲ್ಲಿ ಅನೇಕರು ಭಾವಿಸುತ್ತಾರೆ.

ಇದೇ ಕೆಂಪನ್ನು ರೈತನು ಸಂಕಟದ ಕುರುಹಾಗಿಯೂ ಕಾಣುವುದುಂಟು. ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ಹತ್ತಿಯ ಹೊಲಗಳಲ್ಲಿ ಕಾರ್ತಿಕದ ಚಳಿ ಬಿದ್ದ ಮೇಲೆ ಎಲೆಯ ಅಂಚಿನಿಂದ ಆರಂಭವಾಗಿ ಗಿಡವೇ ಕೆಂಪಾಗುವ ಒಂದು ವಿಕಾರವಿದೆ. ಕಾಯಿ ತುಂಬುವ ಹೊತ್ತಿಗೆ ಗಿಡಕ್ಕೆ ಬೇಕಾದ ಸಾರಜನಕವೂ ಮೆಗ್ನೀಸಿಯಮ್ಮೂ ಸಾಲದೆ ಹೋದಾಗ, ಅದರ ಜೊತೆಗೆ ರಾತ್ರಿಯ ಉಷ್ಣತೆಯೂ ಇಳಿದಾಗ, ಪತ್ರಹರಿತ್ತು ಅಕಾಲದಲ್ಲಿ ಅಳಿದು ಆಂಥೋಸಯನಿನ್ ತುಂಬಿಕೊಳ್ಳುತ್ತದೆ. ನೋಟಕ್ಕೆ ಚೆಲುವು, ಆದರೆ ಫಸಲಿಗೆ ಕುತ್ತು. ಮೆಗ್ನೀಸಿಯಂ ಸಲ್ಫೇಟಿನ ದ್ರಾವಣವನ್ನು ಕಾಲಕ್ಕೆ ಸರಿಯಾಗಿ ಸಿಂಪಡಿಸುವಂತೆ ಕೃಷಿ ತಜ್ಞರು ಹೇಳುವುದು ಇದಕ್ಕಾಗಿಯೇ.

ಹತ್ತಿಯ ಮಾತು ಬಂದುದರಿಂದ ಅದರ ಹೂವನ್ನೂ ನೋಡಿಯೇ ಮುಂದೆ ಹೋಗೋಣ. ಈ ಗಿಡವನ್ನು ಯಾರೂ ಶೋಭೆಗಾಗಿ ಬೆಳೆಯುವುದಿಲ್ಲ. ಆದರೆ ಶೋಭೆಯಲ್ಲಿ ಇದಕ್ಕೆ ಸಮನಾದ ಹೂಗಿಡಗಳು ಕೆಲವೇ. ಬೆಳಗಿನ ಜಾವ ಬಿಚ್ಚಿಕೊಂಡಾಗ ಹತ್ತಿಯ ಹೂವಿನ ಎಸಳು ಕೆನೆಯ ಬಿಳುಪಿನದು, ಒಳಗೆ ಕೇಸರಗಳ ಹಳದಿ ಗೊಂಚಲು. ಸಂಜೆಯ ಹೊತ್ತಿಗೆ ಎಸಳಿನ ಅಂಚಿನಲ್ಲಿ ನಸುಗೆಂಪು ಸುಳಿಯುತ್ತದೆ. ಮರುದಿನ ಅದೇ ಹೂವು ಕಡುಗುಲಾಬಿಯ ಬಣ್ಣ ತಳೆದು ಮುದುಡಿಕೊಂಡಿರುತ್ತದೆ. ಆಮೇಲೆ ಕಳಚಿ ಬಿದ್ದು ಬುಡದಲ್ಲಿ ಎಳೆಗಾಯಿಯನ್ನು ಉಳಿಸುತ್ತದೆ. ಹೀಗೆ ಒಂದೇ ಗಿಡದಲ್ಲಿ ಬಿಳಿಯ ಹೂವೂ ಕೆಂಪು ಹೂವೂ ಕಾಣುವುದರಿಂದ ಎರಡು ಜಾತಿಯೆಂದು ತಿಳಿಯುವವರುಂಟು. ಅವು ಇಂದಿನ ಹೂವು, ನಿನ್ನೆಯ ಹೂವು. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ನಾಡಿಗೆ ಕೊಟ್ಟ ವರಲಕ್ಷ್ಮಿ ಎಂಬ ಸಂಕರ ಹತ್ತಿಯ ಬಳಿಕ ಈ ಭಾಗದಲ್ಲಿ ಬೀಜೋತ್ಪಾದನೆ ಒಂದು ದೊಡ್ಡ ಕಸುಬಾಗಿ ಬೆಳೆಯಿತು. ರಾಣೆಬೆನ್ನೂರಿನ ಹೆಸರು ಇಂದಿಗೂ ಅದಕ್ಕೆ ಪ್ರಸಿದ್ಧ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಉಗುರಿನಿಂದ ಎಸಳನ್ನೂ ಕೇಸರಗಳನ್ನೂ ಬಿಡಿಸಿ, ಗುರುತಿಗಾಗಿ ಬಣ್ಣದ ಕಾಗದದ ಪುಟ್ಟ ಚೀಲ ತೊಡಿಸಿ, ಮರುದಿನ ಬೆಳಿಗ್ಗೆ ಗಂಡುಗಿಡದ ಹೂವನ್ನು ತಂದು ಮುಟ್ಟಿಸುವ ಆ ಸೂಕ್ಷ್ಮ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯದು. ಹೂವಿನ ವಯಸ್ಸನ್ನು ಬಣ್ಣದಿಂದಲೇ ಗಂಟೆಯ ಲೆಕ್ಕದಲ್ಲಿ ಹೇಳಬಲ್ಲವರು ಅವರಿಗಿಂತ ಬೇರೆ ಯಾರಿರುವರು?

ಆಶ್ವಯುಜದ ಪೂರ್ಣಿಮೆ ಈ ಸೀಮೆಗೆ ಶೀಗಿ ಹುಣ್ಣಿಮೆ. ತೆನೆಗಟ್ಟುತ್ತಿರುವ ಪೈರನ್ನು ತುಂಬು ಗರ್ಭಿಣಿಯೆಂದು ಭಾವಿಸಿ, ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಸಲ್ಲಿಸಿ ಚರಗ ಚೆಲ್ಲುವ ಆ ದಿನದಲ್ಲಿ ಹೊಲದ ಬಣ್ಣಗಳನ್ನೆಲ್ಲ ಒಟ್ಟಿಗೆ ನೋಡಬಹುದು: ಗುರೆಳ್ಳಿನ ಅಚ್ಚ ಹಳದಿ, ಸೂರ್ಯಕಾಂತಿಯ ತಟ್ಟೆಗಳು, ಹತ್ತಿಯ ಬಿಳುಪು ಕೆಂಪು, ಬದುವಿನ ಮೇಲೆ ತುಂಬೆಯ ಬಿಳಿ ಹೂ. ಅದಾಗಿ ಹದಿನೈದು ದಿನಕ್ಕೆ ದೀಪಾವಳಿ. ಬಲಿಪಾಡ್ಯದಂದು ಮನೆಯ ಬಾಗಿಲಲ್ಲಿಯೂ ಕೊಟ್ಟಿಗೆಯಲ್ಲಿಯೂ ಸಗಣಿಯಿಂದ ಹಟ್ಟೆವ್ವನನ್ನೂ ಪಾಂಡವರನ್ನೂ ಮಾಡಿ ಕೂರಿಸಿ, ಅವರ ನೆತ್ತಿಗೆ ಉತ್ತರಾಣಿಯ ಕಡ್ಡಿಯನ್ನೂ ಚೆಂಡುಹೂವನ್ನೂ ಸಿಕ್ಕಿಸುವ ಪದ್ಧತಿ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಸಗಣಿಯ ಕಡುಹಸುರಿನ ಮೇಲೆ ಆ ಕಿತ್ತಳೆ ಹೂವು ಕೂತಾಗ ಬಣ್ಣಗಳ ಹೊಂದಾಣಿಕೆಯನ್ನು ಬಲ್ಲ ಯಾವ ಚಿತ್ರಕಾರನೂ ಅದನ್ನು ತಿದ್ದಲಾರನು.

ಚೆಂಡುಹೂವು ಈ ಹಬ್ಬದಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ ಅದು ಪರದೇಶದ್ದೆಂದು ಹೇಳಿದರೆ ನಂಬುವವರು ವಿರಳ. ಅದರ ತವರು ಮೆಕ್ಸಿಕೋ. ಅಲ್ಲಿಯ ಜನ ನವೆಂಬರಿನ ಮೊದಲ ಎರಡು ದಿನಗಳಲ್ಲಿ ತಮ್ಮ ಮೃತರನ್ನು ನೆನೆಯುವ ಹಬ್ಬವನ್ನು ಆಚರಿಸಿ, ಸಮಾಧಿಗಳ ಮೇಲೆಯೂ ಮನೆಯ ಪೀಠಗಳ ಮೇಲೆಯೂ ಇದೇ ಹೂವನ್ನು ರಾಶಿ ಸುರಿಯುತ್ತಾರೆ. ನಮ್ಮ ಅಂಗಳದಲ್ಲಿ ಪಾಂಡವರ ನೆತ್ತಿಯೇರುವ ಆಸುಪಾಸಿನಲ್ಲಿಯೇ ಅದು ಅಲ್ಲಿ ಪಿತೃಗಳಿಗೆ ದಾರಿ ತೋರುತ್ತಿರುತ್ತದೆ. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಸೂರ್ಯಕಾಂತಿಯೂ ಆ ಖಂಡದ್ದೇ. ಮಾರ್ಗಶಿರದಲ್ಲಿ ತುದಿಯ ಎಲೆಗಳನ್ನು ಕೆಂಪಾಗಿಸಿಕೊಂಡು ನಿಲ್ಲುವ ಪಾಯಿನ್‌ಸೆಟಿಯಾ ಗಿಡವೂ ಮೆಕ್ಸಿಕೋದ್ದೇ. ಇವುಗಳ ಜೊತೆಯಲ್ಲಿ ನಮ್ಮದೇ ಮಣ್ಣಿನ ಪಾರಿಜಾತ, ನಮ್ಮದೇ ಬನ್ನಿ, ನಮ್ಮದೇ ತಂಗಡಿ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಹಿರಿಯರ ಕೈಯಲ್ಲಿಟ್ಟು, ಬಂಗಾರದ ಹಾಗೆ ಇರೋಣವೆಂದು ಕಾಲಿಗೆರಗುವಾಗ ಆ ಹಸುರೆಲೆ ಬಂಗಾರದ ಬೆಲೆ ಪಡೆಯುತ್ತದೆ. ಅದರ ಮುನ್ನ ಮಹಾನವಮಿಗೆ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಕಾರ್ಣಿಕ ಕೇಳಲು ನೆರೆದ ಜನಸ್ತೋಮದ ಹಣೆ, ಕಂಬಳಿ, ಮೆಟ್ಟಿಲು ಎಲ್ಲವೂ ಭಂಡಾರದ ಅರಿಸಿನದಿಂದ ಹಳದಿಯಾಗಿರುತ್ತವೆ.

ತಂಗಡಿ, ಅಥವಾ ಆವರಿಕೆ, ಇದರ ಬಗ್ಗೆ ನಾಲ್ಕು ಮಾತು ಹೆಚ್ಚಾಗಿ ಹೇಳಬೇಕು. ಏಕೆಂದರೆ ಇದನ್ನು ನಮ್ಮ ತೋಟಗಾರರು ಅನ್ಯಾಯವಾಗಿ ಕಡೆಗಣಿಸಿದ್ದಾರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಘೋಷಿತವಾದ ಆ 119 ಚದರ ಕಿಲೋಮೀಟರಿನ ಕುರುಚಲು ಭೂಮಿ, ಮಳೆ ನಿಂತ ಮೇಲೆ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಅದರ ನಡುವೆ ತಂಗಡಿ ಹಳದಿಯ ಗೊಂಚಲುಗಳನ್ನು ಹೊತ್ತು, ಕಪ್ಪು ಮೈಯ ಗಂಡುಜಿಂಕೆ ಆ ಎರಡರ ನಡುವೆ ತಲೆಯೆತ್ತಿ ನಿಂತಾಗ, ಈ ಜಿಲ್ಲೆಯ ಅತ್ಯಂತ ಸುಂದರವಾದ ಶರದ್ದೃಶ್ಯವನ್ನು ಒದಗಿಸುವುದು. ತಂಗಡಿಗೆ ನೀರೆರೆಯಬೇಕಾಗಿಲ್ಲ, ದನಕರುಗಳು ಅದಕ್ಕೆ ಬಾಯಿ ಹಾಕುವುದು ಕಡಿಮೆ, ಅದರ ತೊಗಟೆ ಚರ್ಮ ಹದಮಾಡುವವರಿಗೆ ಹಿಂದಿನಿಂದಲೂ ಬೇಕಾದದ್ದು. ನೆರೆಯ ತೆಲಂಗಾಣದವರು ಇದೇ ಹೂವನ್ನು ಗೋಪುರವಾಗಿ ಜೋಡಿಸಿ ಬತುಕಮ್ಮನ ಹಬ್ಬ ಮಾಡುತ್ತಾರೆ. ನಾವಾದರೋ ಕಾಂಪೌಂಡಿನ ಪಕ್ಕದಲ್ಲಿ ಇದನ್ನು ಕಿತ್ತೆಸೆದು, ನಿತ್ಯ ನೀರು ಬೇಡುವ ಪರದೇಶದ ಗಿಡಗಳನ್ನು ಹಣ ಕೊಟ್ಟು ತಂದು ನೆಡುತ್ತೇವೆ. ಇದು ಸರಿಯಲ್ಲ.

ಚೆಂಡುಹೂವು ಮುಗಿಯುವ ಹೊತ್ತಿಗೆ ಸೇವಂತಿಗೆಯ ಸರದಿ. ಆಷಾಢದಲ್ಲಿ ನೆಟ್ಟ ಸೇವಂತಿಗೆ ಶ್ರಾವಣ ಭಾದ್ರಪದಗಳಲ್ಲಿ ಎಷ್ಟು ಸೊಂಪಾಗಿ ಬೆಳೆದರೂ ಮೊಗ್ಗು ತೋರಿಸುವುದಿಲ್ಲ; ದಸರೆ ಕಳೆದ ಬಳಿಕ ತುದಿತುದಿಗೂ ಮೊಗ್ಗು. ಗಿಡಕ್ಕೆ ತಿಂಗಳು ತಿಳಿಯುವುದು ಹೇಗೆ? ಅಮೆರಿಕದ ಗಾರ್ನರ್, ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲಿ, ಹೂಬಿಡುವ ಕಾಲವನ್ನು ಅನೇಕ ಸಸ್ಯಗಳು ಹಗಲು ರಾತ್ರಿಗಳ ಪ್ರಮಾಣದಿಂದ ನಿರ್ಣಯಿಸಿಕೊಳ್ಳುತ್ತವೆಂದು ಪ್ರಕಟಿಸಿದರು. ಅವರ ಪ್ರಯೋಗಕ್ಕೆ ವಸ್ತುವಾಗಿದ್ದುದು ಒಂದು ಜಾತಿಯ ತಂಬಾಕು. ಮುಂದಿನ ಸಂಶೋಧನೆಗಳಿಂದ, ಗಿಡ ಅಳೆಯುವುದು ಮುಖ್ಯವಾಗಿ ಕತ್ತಲೆಯ ಅವಧಿಯನ್ನೆಂದು ತಿಳಿದುಬಂತು. 15 ಡಿಗ್ರಿ ಅಕ್ಷಾಂಶದ ಸಮೀಪದಲ್ಲಿರುವ ಹಾವೇರಿಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂಮುಕ್ಕಾಲು ಗಂಟೆ. ನಮ್ಮ ನಿತ್ಯಜೀವನದಲ್ಲಿ ಅದು ಗಮನಕ್ಕೇ ಬಾರದಷ್ಟು ಅಲ್ಪ. ಸೇವಂತಿಗೆಗೂ ಪಾಯಿನ್‌ಸೆಟಿಯಾಕ್ಕೂ ಅಷ್ಟೇ ಸಾಕು. ಹೂವಿಗೆ ಬೆಲೆ ಬರುವ ದಿನಕ್ಕೆ ಕೊಯ್ಲನ್ನು ಹೊಂದಿಸಿಕೊಳ್ಳುವ ಬೆಳೆಗಾರರು ಸೇವಂತಿಗೆಯ ಹೊಲದಲ್ಲಿ ರಾತ್ರಿ ವಿದ್ಯುದ್ದೀಪ ಉರಿಸಿ ಮೊಗ್ಗನ್ನು ತಡೆಹಿಡಿಯುವುದೂ ಈ ಮರ್ಮವನ್ನು ತಿಳಿದೇ. ಹಿತ್ತಿಲಲ್ಲಿ ಸೇವಂತಿಗೆ ಬೆಳೆಯುವವರು ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಜಾಗವನ್ನು ಬಿಟ್ಟು ನೆಡಬೇಕು; ಗೊಬ್ಬರ ಎಷ್ಟು ಹಾಕಿದರೂ ಹೂವಿಲ್ಲವೆಂದು ಕೊರಗುವ ಮನೆಗಳಲ್ಲಿ ಕಾರಣ ಅನೇಕ ಸಲ ಆ ದೀಪವೇ ಆಗಿರುತ್ತದೆ.

ಈಗ ಮೆಣಸಿನಕಾಯಿ. ಇದುವರೆಗೆ ಹೇಳಿದ ಬಣ್ಣಗಳೆಲ್ಲ ಒಂದು ಕಡೆ, ಬ್ಯಾಡಗಿಯ ಕೆಂಪು ಒಂದು ಕಡೆ. ಮುಂಗಾರಿನಲ್ಲಿ ಸಸಿ ನೆಟ್ಟು, ಅದೇ ಹೊಲದಲ್ಲಿ ಉಳ್ಳಾಗಡ್ಡಿಯನ್ನೂ ಹತ್ತಿಯನ್ನೂ ಜೊತೆಗೂಡಿಸಿ ಬೆಳೆಯುವ ಜಾಣ್ಮೆ ಧಾರವಾಡ ಹಾವೇರಿ ಸೀಮೆಯ ಒಕ್ಕಲಿಗರದು. ಶರತ್ತಿನಲ್ಲಿ ಗಿಡದ ತುಂಬ ಸಣ್ಣ ಬಿಳಿ ಹೂವು, ಹಸುರು ಕಾಯಿ. ಕಾರ್ತಿಕ ಕಳೆಯುವಾಗ ಕಾಯಿಯ ಕಡುಹಸುರಿನಲ್ಲಿ ಕಂದುಬಣ್ಣ ಬೆರೆಯುತ್ತದೆ, ಆಮೇಲೆ ಒಂದೊಂದೇ ಕಾಯಿ ಕೆಂಪಾಗುತ್ತದೆ. ಪುಷ್ಯದ ಹೊತ್ತಿಗೆ ಕಣದಲ್ಲಿ ಹರವಿದ ರಾಶಿ ಊರ ಹೊರಗಿನ ನೆಲವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಎಲೆಯಲ್ಲಿ ನಡೆಯುವಂತೆ ಇಲ್ಲಿಯೂ ಪತ್ರಹರಿತ್ತು ಅಳಿಯುತ್ತದೆ. ಆದರೆ ಮುಂದಿನ ಕಥೆ ಬೇರೆ. ಹಸುರಿನ ಕಣಗಳು ನಾಶವಾಗದೆ ವರ್ಣಕಣಗಳಾಗಿ ರೂಪಾಂತರ ಹೊಂದಿ, ಕ್ಯಾಪ್ಸಾಂಥಿನ್ ಎಂಬ, ಮೆಣಸಿನಕಾಯಿಯ ಕುಲಕ್ಕೇ ಬಹುಮಟ್ಟಿಗೆ ಮೀಸಲಾದ ಕೆಂಪು ಕೆರೋಟಿನಾಯ್ಡನ್ನು ಕೂಡಿಹಾಕುತ್ತವೆ. ಇದನ್ನು 1927ರಲ್ಲಿ ಹಂಗೆರಿಯ ಜೆಕ್‌ಮೈಸ್ಟರ್, ಚೋಲ್ನೋಕಿ ಎಂಬ ರಸಾಯನಶಾಸ್ತ್ರಜ್ಞರು ತಮ್ಮ ನಾಡಿನ ಪಾಪ್ರಿಕಾ ಮೆಣಸಿನಕಾಯಿಯಿಂದ ಬೇರ್ಪಡಿಸಿದರು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಲ್ಲಿ ಬ್ಯಾಡಗಿಯನ್ನು ಹೋಲಿಸಬೇಕಾದದ್ದು ಆ ಪಾಪ್ರಿಕಾದ ಜೊತೆಗೇ.

ಎಲೆಯ ಕೆಂಪಿಗೂ ಕಾಯಿಯ ಕೆಂಪಿಗೂ ಇರುವ ಭೇದವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಬಾದಾಮಿಯ ಕೆಂಪೆಲೆಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟರೆ ನೀರು ಬಣ್ಣ ಹೀರುತ್ತದೆ, ಎಣ್ಣೆ ಹೀರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ನೀರಿನಲ್ಲಿಟ್ಟರೆ ಅದು ಉಬ್ಬಿ ಮೆತ್ತಗಾಗುವುದೇ ಹೊರತು ನೀರು ಹೆಚ್ಚು ಕೆಂಪಾಗದು. ಅದನ್ನೇ ಕಾದ ಎಣ್ಣೆಗೆ ಹಾಕಿದರೆ ಕ್ಷಣದಲ್ಲಿ ಎಣ್ಣೆಯೆಲ್ಲ ಕೆಂಪು. ಒಗ್ಗರಣೆಯ ಮೇಲ್ಪದರದಲ್ಲಿ ತೇಲುವ ಆ ಕೆಂಪು ಕ್ಯಾಪ್ಸಾಂಥಿನ್ನೇ. ಕಾರ್ಖಾನೆಗಳು ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ, ದ್ರಾವಕದ ಸಹಾಯದಿಂದ ಓಲಿಯೋರೆಸಿನ್ ಎಂಬ ಗಟ್ಟಿ ವರ್ಣತೈಲವನ್ನು ತೆಗೆಯುತ್ತವೆ. ಒಂದು ಟನ್ ಬ್ಯಾಡಗಿಯಿಂದ ಸುಮಾರು 50 ಲೀಟರ್ ಸಿಗುವುದೆಂದು ಹೇಳುತ್ತಾರೆ. ಆಹಾರಪದಾರ್ಥಗಳಿಗೂ, ತುಟಿಯ ರಂಗು, ಉಗುರಿನ ಬಣ್ಣ ಮೊದಲಾದ ಪ್ರಸಾಧನಗಳಿಗೂ ಅದು ಹೋಗುತ್ತದೆ.

ಬ್ಯಾಡಗಿಯ ಮಾರುಕಟ್ಟೆಗೆ ಆವಕ ಹೆಚ್ಚಾಗುವುದು ಸಂಕ್ರಾಂತಿಯಿಂದ ಈಚೆಗೆ. ಇಂದು ಈ ಕಾಯಿ ಕುಂದಗೋಳ, ಗದಗ, ಬಳ್ಳಾರಿಗಳ ಕಡೆಯಿಂದಲೂ ಹೇರಳವಾಗಿ ಬರುತ್ತದೆ. ಊರಿನ ಹೆಸರು ತಳಿಗೂ ಪೇಟೆಗೂ ಸಮಾನವಾಗಿ ಅಂಟಿಕೊಂಡಿದೆ, ಮತ್ತು 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಆ ಹೆಸರಿಗೇ ದೊರೆಯಿತು. ಅಂಗಳದಲ್ಲಿ ಚೀಲಗಳ ಬಾಯಿ ಬಿಚ್ಚಿಟ್ಟಾಗ ಮೊದಲು ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬರಿಸುತ್ತದೆ, ಆಮೇಲೆ ಕಣ್ಣು ಬಣ್ಣಕ್ಕೆ ಒಗ್ಗುತ್ತದೆ. ಕಡ್ಡಿ ಎಂಬ ಬಗೆ ಉದ್ದವಾಗಿ ಸಪೂರವಾಗಿ ಮೈತುಂಬ ಸುಕ್ಕುಗಟ್ಟಿದ್ದು. ಡಬ್ಬಿ ಎಂಬುದು ಗಿಡ್ಡವಾಗಿ ದಪ್ಪವಾಗಿ, ಬೀಜ ಹೆಚ್ಚಾಗಿ, ಬಣ್ಣ ಇನ್ನೂ ಗಾಢವಾಗಿರುವುದು. ತೊಟ್ಟು ಬಿಡಿಸಿ ಕಾಯಿ ಆರಿಸಲು ಕೂತ ಹೆಣ್ಣುಮಕ್ಕಳ ಸಾಲಿನಲ್ಲಿ ಹಿರಿಯಾಕೆಯೊಬ್ಬಳು, ಬಣ್ಣದ ಪರೀಕ್ಷೆ ಹೇಗೆಂದು ನಾನು ವಿಚಾರಿಸಿದಾಗ, ಒಂದು ಡಬ್ಬಿ ಕಾಯಿಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದಳು:

“ಮುರದು ನೋಡ್ರಿ ಅಣ್ಣಾರ, ಬಣ್ಣ ಬೆರಳಿಗೆ ಹತ್ತಬೇಕ್ರಿ. ಹತ್ತಲಿಲ್ಲಂದ್ರ ಅದು ನಮ್ಮ ಕಾಯಿ ಅಲ್ಲ.”

ಪ್ರಯೋಗಶಾಲೆಗಳು ಮೆಣಸಿನಕಾಯಿಯ ಬಣ್ಣವನ್ನು ಅಳೆಯಲು ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರಿನ ಮಾನವೊಂದನ್ನು ಬಳಸುತ್ತವೆ. ಆಸ್ಟಾ ಎಂಬ ಆ ಮಾನದಲ್ಲಿ ಬ್ಯಾಡಗಿಗೆ 150ಕ್ಕೆ ಮೀರಿದ ಅಂಕ ಬರುವುದು ಸಾಮಾನ್ಯ. ಆ ಮುದುಕಿಯ ಬೆರಳಿನ ಪರೀಕ್ಷೆಗೂ ಆ ಯಂತ್ರದ ಪರೀಕ್ಷೆಗೂ ಆಧಾರವಾದ ವಸ್ತು ಒಂದೇ. ಈ ಬಣ್ಣ ಬಹು ಸುಕುಮಾರವಾದದ್ದು. ಬೆಳಕೂ ಗಾಳಿಯೂ ಅದನ್ನು ದಿನದಿನಕ್ಕೆ ಕ್ಷೀಣಿಸುವಂತೆ ಮಾಡುತ್ತವೆ. ಒಂದು ಬೇಸಗೆಯನ್ನು ಹೊರಗೆ ಕಳೆದ ಕಾಯಿ ಮುಂದಿನ ವರ್ಷ ಬಿಳಚಿಕೊಂಡಿರುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಇಷ್ಟೊಂದು ಎದ್ದಿರುವುದು ಕಾಯಿ ಕೊಳೆಯದಿರಲೆಂಬುದಕ್ಕಿಂತ ಹೆಚ್ಚಾಗಿ ಬಣ್ಣ ಮಾಸದಿರಲೆಂದು. ಮನೆಯಲ್ಲಿ ವರ್ಷದ ಮೆಣಸಿನಕಾಯಿ ತುಂಬಿಡುವವರು ಗಾಜಿನ ಭರಣಿಯನ್ನು ಕಿಟಕಿಯ ಪಕ್ಕ ಇಡಬಾರದು. ಮುಚ್ಚಳ ಬಿಗಿಯಾದ ಡಬ್ಬಿ, ಕತ್ತಲೆಯ ಮೂಲೆ, ಇವೆರಡೂ ಬೇಕು.

ಮೆಣಸಿನಕಾಯಿಯ ಕಣ ಖಾಲಿಯಾಗುವಷ್ಟರಲ್ಲಿ, ಹಿಂಗಾರಿ ಜೋಳದ ಹೊಲದ ಸುತ್ತ ದನ ನುಗ್ಗದಂತೆ ಅಂಚಿನ ಸಾಲಾಗಿ ಬಿತ್ತಿದ ಕುಸುಬಿ ಹಳದಿಯಾಗಿ ಅರಳಿ ಕೇಸರಿಗೆ ತಿರುಗಿರುತ್ತದೆ. ಅದರ ಹಿಂದೆಯೇ ಎಲೆಯುದುರಿಸಿದ ಮುತ್ತುಗವೂ ಬೂರುಗವೂ ಬರಿಗೊಂಬೆಯ ಮೇಲೆ ಕೆಂಡದ ಬಣ್ಣದ ಹೂಬಿಟ್ಟು ಶಿಶಿರವನ್ನು ವಸಂತಕ್ಕೆ ಒಪ್ಪಿಸುತ್ತವೆ.

ಇಷ್ಟನ್ನೂ ಒಂದು ಮನೆಯ ಹಿತ್ತಿಲಲ್ಲಿ ಕಾಣುವುದು ಅಸಾಧ್ಯವೇನಲ್ಲ. ಗೋಡೆಯಿಂದ ದೂರವಾಗಿ ಒಂದು ಬಾದಾಮಿ, ಬಾಗಿಲ ಬಳಿ ಒಂದು ಪಾರಿಜಾತ, ಬೇಲಿಗೆ ತಂಗಡಿ, ಅದರ ಒಳಗೆ ಗೊರಟೆ ಮತ್ತು ಕೋಳಿಜುಟ್ಟು. ಚೆಂಡುಹೂವಿನ ಬೀಜವನ್ನು ಜುಲೈ ತಿಂಗಳಲ್ಲಿ ಮಡಿಗೆ ಹಾಕಿದರೆ ದಸರೆ ದೀಪಾವಳಿಗಳಿಗೆ ಹೂವು ತಪ್ಪುವುದಿಲ್ಲ. ಸೇವಂತಿಗೆ ಹೂ ಮುಗಿದೊಡನೆ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಬುಡದಿಂದ ಬರುವ ಮರಿಗಳನ್ನು ಕಾಪಾಡಿಕೊಂಡು ಮುಂಗಾರಿನಲ್ಲಿ ಬೇರ್ಪಡಿಸಿ ನೆಟ್ಟು, ಒಂದು ತಿಂಗಳಿಗೆ ಕುಡಿ ಚಿವುಟಿದರೆ ಕವಲು ಹೆಚ್ಚಿ ಹೂವೂ ಹೆಚ್ಚುವುದು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆ ಸಮೀಪದಲ್ಲಿಯೇ ಇರುವಾಗ ಮಣ್ಣು, ರೋಗಗಳ ವಿಷಯದಲ್ಲಿ ಸಲಹೆಗೆ ಕೊರತೆಯಿಲ್ಲ.

ನಾಲ್ಕು ಡಬ್ಬಿ ಮೆಣಸಿನ ಗಿಡಗಳನ್ನೂ ಬೆಳೆಸಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುವೆನು, ಏಕೆಂದರೆ ಡಬ್ಬಿಯ ಶುದ್ಧ ತಳಿ ಹೊಲಗಳಲ್ಲಿ ವಿರಳವಾಗುತ್ತ ಬಂದಿದೆ. ಕಡ್ಡಿಯೂ ಸಂಕರ ತಳಿಗಳೂ ಅದರ ಜಾಗವನ್ನು ಹಿಡಿದಿವೆ. ಮೆಣಸಿನ ಹೂವು ತನ್ನ ಪರಾಗವನ್ನೇ ಸ್ವೀಕರಿಸಬಲ್ಲುದಾದರೂ ಜೇನುನೊಣ ಮೊದಲಾದ ಕೀಟಗಳಿಂದ ಬೇರೆ ಗಿಡದ ಪರಾಗವೂ ಸಾಕಷ್ಟು ಬೆರೆಯುತ್ತದೆ. ಪಕ್ಕದಲ್ಲಿ ಕಡ್ಡಿಯಿದ್ದರೆ ಈ ವರ್ಷದ ಡಬ್ಬಿಯ ಬೀಜದಿಂದ ಬರುವ ವರ್ಷ ಹುಟ್ಟುವುದು ಅರೆಕಡ್ಡಿ. ಆದುದರಿಂದ ಬೀಜಕ್ಕಾಗಿ ಆರಿಸಿದ ಗಿಡದ ಒಂದೆರಡು ಕೊಂಬೆಗಳಿಗೆ ಮೊಗ್ಗಿರುವಾಗಲೇ ತೆಳುವಾದ ಅರಿವೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಆ ತೊಟ್ಟುಗಳಿಗೆ ಬಣ್ಣದ ದಾರ ಸುತ್ತಿಟ್ಟು, ಗಿಡದಲ್ಲಿಯೇ ಪೂರ್ಣವಾಗಿ ಕೆಂಪಾಗಿ ಸುಕ್ಕುಗಟ್ಟಿದ ಕಾಯಿಗಳನ್ನು ಮಾತ್ರ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಮುಂದಿನ ಮುಂಗಾರಿಗೆಂದು ಎತ್ತಿಡತಕ್ಕದ್ದು.